ಲಾರಿ ಹಾಯ್ದದ್ದು ಗ್ರಹಚಾರವಲ್ಲ, ತಪ್ಪು!

ನಮ್ಮ ಊರುಗಳಲ್ಲಿ ಒಂದು ಮಾತು ಬಹಳ ಅಗ್ಗವಾಗಿಬಿಟ್ಟಿದೆ. ರಾತ್ರಿ ಪಾಳಿ ಮುಗಿಸಿ ಸೈಕಲ್ ತುಳಿಯುತ್ತ ಮನೆಗೆ ಹೊರಟ ಗಿರಣಿ ಕೆಲಸಗಾರನ ಕಾಲ ಮೇಲೆ ಲಾರಿ ಹಾಯ್ದರೆ "ಗ್ರಹಚಾರ" ಎನ್ನುತ್ತೇವೆ. ಬೆಳಗಿನ ಜಾವ ಸೊಪ್ಪಿನ ತಳ್ಳುಗಾಡಿ ನೂಕುತ್ತ ಮಾರುಕಟ್ಟೆಗೆ ಹೊರಟ ಹೆಂಗಸನ್ನು ಲಾರಿ ಕೆಡವಿದರೆ "ಹಣೆಬರಹ" ಎನ್ನುತ್ತೇವೆ. ನೆರೆಯವರು ಹೀಗನ್ನುತ್ತಾರೆ, ನೆಂಟರು ಹೀಗನ್ನುತ್ತಾರೆ, ಗಾಯಗೊಂಡವನೂ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಇದನ್ನೇ ಜಪಿಸುತ್ತಾನೆ. ಈ ಜಪವನ್ನು ಕೇಳಿ ನೆಮ್ಮದಿಯಾಗಿ ನಿದ್ದೆ ಮಾಡುವವರು ಇಬ್ಬರು. ಒಬ್ಬ ಲಾರಿಯ ಧಣಿ, ಇನ್ನೊಬ್ಬ ವಿಮಾ ಕಂಪನಿಯ ಸಾಹೇಬ.

ಬಂಧುಗಳೇ, ಶನಿಗೆ ಬ್ರೇಕು ಇಲ್ಲ, ಲಾರಿಗೆ ಇರಬೇಕು. ರಾಹುವಿಗೆ ಹಿಂದುಗಡೆ ಕೆಂಪು ದೀಪವಿಲ್ಲ, ಲಾರಿಗೆ ಇರಬೇಕು. ಹತ್ತು ಟನ್ನಿನ ಗಾಡಿಗೆ ಹದಿನೈದು ಟನ್ ಹೇರಿಸಿದ್ದು ಯಾವ ಗ್ರಹ? ಎರಡು ರಾತ್ರಿ ಕಣ್ಣು ಮುಚ್ಚದ ಡ್ರೈವರನನ್ನು ಮೂರನೆಯ ರಾತ್ರಿಯೂ ಗಾಡಿಯ ಮೇಲೆ ಕೂರಿಸಿದ್ದು ಯಾವ ನಕ್ಷತ್ರ? ಇವೆಲ್ಲ ಮನುಷ್ಯರು ಮಾಡಿದ ಕೆಲಸ. ಮನುಷ್ಯರು ಮಾಡಿದ್ದಕ್ಕೆ ಲೆಕ್ಕ ಕೇಳಬಹುದು, ಕೇಳಲೇಬೇಕು.

ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕದಂತೆ 2022ನೇ ಇಸವಿಯಲ್ಲಿ ಈ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾದುವು. 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು. ಹೆದ್ದಾರಿ ಹಾಯ್ದುಹೋಗುವ ದಾವಣಗೆರೆ, ಹಾವೇರಿ, ಚಿತ್ರದುರ್ಗಗಳ ಜನಕ್ಕೆ ಈ ಅಂಕಿಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಯಗೊಂಡ ನಾಲ್ಕೂವರೆ ಲಕ್ಷ ಜನರಲ್ಲಿ ಎಷ್ಟು ಮಂದಿಗೆ ನ್ಯಾಯವಾದ ಪರಿಹಾರ ಸಿಕ್ಕಿತು, ಎಷ್ಟು ಮಂದಿ ಹೆಂಡತಿಯ ತಾಳಿ ಅಡವಿಟ್ಟು ಮೂಳೆ ಕೂಡಿಸಿಕೊಂಡರು ಎಂಬ ಲೆಕ್ಕವನ್ನು ಯಾವ ಸಚಿವಾಲಯವೂ ಇಡುವುದಿಲ್ಲ.

ಕಾನೂನು ಏನು ಕೇಳುತ್ತದೆ?

ಅಪಘಾತದ ಪರಿಹಾರಕ್ಕೆಂದೇ ಬೇರೆ ನ್ಯಾಯಮಂಡಳಿಗಳು ಬೇಕೆಂದು 1939ರ ಮೋಟಾರು ಕಾಯ್ದೆಗೆ 1956ರಲ್ಲಿ ತಿದ್ದುಪಡಿ ತಂದರು. ಬಡವನು ಸಿವಿಲ್ ಕೋರ್ಟಿನ ಮೆಟ್ಟಿಲು ಸವೆಸಬಾರದು, ಬೇಗ ತೀರ್ಮಾನವಾಗಬೇಕು ಎಂಬುದು ಅದರ ಉದ್ದೇಶ. ಈಗಿರುವುದು 1988ರ ಕಾಯ್ದೆ. ಅದರ 166ನೇ ಕಲಮಿನಂತೆ ಪೂರ್ಣ ಪರಿಹಾರ ಬೇಕೆಂದರೆ ಎದುರಿನ ಗಾಡಿಯವನ ತಪ್ಪನ್ನು ತೋರಿಸಿಕೊಡಬೇಕು.

ತಪ್ಪು ತೋರಿಸದೆಯೂ ಸಿಗುವ ಹಣವೊಂದುಂಟು. 164ನೇ ಕಲಮಿನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ. ಎರಡೂವರೆ ಲಕ್ಷ! ಕಾಲು ಕತ್ತರಿಸಿಕೊಂಡ ಇಪ್ಪತ್ತೈದು ವರ್ಷದ ಹಮಾಲಿ ಮುಂದಿನ ಮೂವತ್ತು ವರ್ಷ ಇದನ್ನು ನೆಕ್ಕಿಕೊಂಡು ಬದುಕಬೇಕೇನು? ಇಲ್ಲಿ ಇನ್ನೊಂದು ಬಲೆಯೂ ಇದೆ. ಕಂಪನಿಯವರು ರಾಜಿಯ ಕಾಗದ ತಂದು ಈ 164ರ ಹಣವನ್ನು ಮುಂದೆ ಹಿಡಿಯುತ್ತಾರೆ. ಅದನ್ನು ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಆದ್ದರಿಂದ ಆಸ್ಪತ್ರೆಯ ಹಾಸಿಗೆಯ ಬಳಿಗೆ ಬಂದ ಯಾವ ಕಾಗದಕ್ಕೂ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ಗುದ್ದಿದ ಲಾರಿ ಓಡಿಹೋಗಿ ನಂಬರು ಸಿಗದಿದ್ದರೆ ಸ್ಥಿತಿ ಇನ್ನೂ ಕಷ್ಟ. 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಮಾತ್ರ. ದಾರಿಹೋಕನೊಬ್ಬ ನಂಬರು ಬರೆದುಕೊಂಡಿದ್ದರೆ ಹತ್ತು ಹದಿನೈದು ಲಕ್ಷ ಸಿಗಬಹುದಾಗಿದ್ದ ಸಂಸಾರಕ್ಕೆ ಐವತ್ತು ಸಾವಿರ! ಬೀಡಿ ಕಟ್ಟಿನ ಕಾಗದದ ಮೇಲೆ ಬರೆದ ಒಂದು ನಂಬರಿನ ಬೆಲೆ ಇದು.

ತಪ್ಪನ್ನು ತೋರಿಸು ಎನ್ನುತ್ತದೆ ಕಾನೂನು. ಆದರೆ ತಪ್ಪಿನ ಸಾಕ್ಷ್ಯ ಇರುವುದೆಲ್ಲಿ? ಲಾರಿ ಮಾಲೀಕನ ಷೆಡ್ಡಿನಲ್ಲಿ, ಟ್ರಾನ್ಸ್‌ಪೋರ್ಟ್ ಆಫೀಸಿನ ಕಡತದಲ್ಲಿ, ಪೊಲೀಸ್ ಠಾಣೆಯ ಬೀರುವಿನಲ್ಲಿ. ಗಾಯಗೊಂಡವನ ಕೈಯಲ್ಲಿರುವುದು ಆಸ್ಪತ್ರೆಯ ಬಿಲ್ಲು ಮಾತ್ರ. ಕಳ್ಳನ ಮನೆಗೇ ಹೋಗಿ ಕಳವಿನ ಮಾಲು ಹುಡುಕಿ ತಾ ಎಂದಂತಾಯಿತು. ಕಾಲವೂ ಧಣಿಯ ಕಡೆಗೇ ಇದೆ. ಒಂದೊಂದು ದಿನ ಕಳೆದಂತೆ ಒಂದೊಂದು ಸಾಕ್ಷ್ಯ ಸಾಯುತ್ತದೆ. ಹಾಗಾದರೆ ಕೈಕಟ್ಟಿ ಕೂರುವುದೇ? ಬೇಡ. ಗಾಯಗೊಂಡವನು ಎದ್ದು ಓಡಾಡಲಾರ, ನಿಜ. ಅವನ ಜೊತೆಯ ಕೆಲಸಗಾರರಿಗೆ ಕಾಲಿಲ್ಲವೇ? ರಸ್ತೆ ಬದಿಯ ಅಂಗಡಿಕಾರರಿಗೆ ಕಣ್ಣಿಲ್ಲವೇ?

ರಸ್ತೆಯ ಸಾಕ್ಷ್ಯಕ್ಕೆ ಆಯುಸ್ಸು ಕಡಿಮೆ

ಮೊದಲು ಸಾಯುವ ಸಾಕ್ಷ್ಯ ರಸ್ತೆಯದು. ಟೈರು ಉಜ್ಜಿದ ಕಪ್ಪು ಗೆರೆ, ಚೆಲ್ಲಿದ ಗಾಜು, ಸೈಕಲ್ಲು ಬಿದ್ದ ಜಾಗ, ರಕ್ತದ ಕಲೆ, ಇವೆಲ್ಲ ಒಂದು ಮಳೆಗೆ, ಒಂದು ದಿನದ ಸಂಚಾರಕ್ಕೆ ಅಳಿಸಿಹೋಗುತ್ತವೆ. ಲಾರಿಯನ್ನು ಅರ್ಧ ಗಂಟೆಯಲ್ಲಿ ಬದಿಗೆ ಸರಿಸಿಬಿಡುತ್ತಾರೆ. ಈಗ ಪ್ರತಿಯೊಬ್ಬನ ಜೇಬಿನಲ್ಲೂ ಚಿತ್ರ ತೆಗೆಯುವ ಫೋನಿದೆ. ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಕಳಿಸಿ. ಆಮೇಲೆ ಅಳುತ್ತಿರುವವರ ಮುಖ ತೆಗೆಯುವುದನ್ನು ಬಿಟ್ಟು ಈ ಚಿತ್ರಗಳನ್ನು ತೆಗೆಯಿರಿ: ಲಾರಿಯ ನಂಬರು, ಲಾರಿ ನಿಂತ ಜಾಗ, ಮೈಲಿಗಲ್ಲೋ ಕಂಬವೋ ಜೊತೆಯಲ್ಲಿ ಕಾಣುವಂತೆ, ಟೈರಿನ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು, ರಸ್ತೆಯ ನಡುಗೆರೆಯ ಯಾವ ಮಗ್ಗುಲಲ್ಲಿ ಗಾಜು ಬಿದ್ದಿದೆ, ಟೈರು ಸವೆದಿದೆಯೇ, ಮೇಲೆ ಹೇರಿದ ಸರಕು ಹೊರಕ್ಕೆ ಚಾಚಿದೆಯೇ.

ನಿಂತ ಲಾರಿಗೆ ಹಿಂದಿನಿಂದ ಬೈಕು ಗುದ್ದಿದ ಪ್ರಕರಣಗಳಲ್ಲಂತೂ ಚಿತ್ರವೇ ಪ್ರಾಣ. ಕತ್ತಲಲ್ಲಿ ಹೆದ್ದಾರಿಯ ಮೇಲೆ ದೀಪವಿಲ್ಲದೆ ಲಾರಿ ನಿಲ್ಲಿಸಿ ಡ್ರೈವರನು ಡಾಬಾದಲ್ಲಿ ಊಟಕ್ಕೆ ಕೂತಿರುತ್ತಾನೆ. ಗುದ್ದಿದವನು ಬಿದ್ದ ಮೇಲೆ ಓಡಿಬಂದು ದೀಪ ಹಾಕುತ್ತಾನೆ, ಹಿಂದೆ ನಾಲ್ಕು ಕಲ್ಲು ಇಡುತ್ತಾನೆ. ನಾಳೆ ಕೋರ್ಟಿನಲ್ಲಿ "ದೀಪವಿತ್ತು, ಬೈಕಿನವನೇ ಕುರುಡನಂತೆ ಬಂದ" ಎಂಬ ವಾದ. ಅಪಾಯವಾಗುವಂತೆ ಗಾಡಿ ನಿಲ್ಲಿಸಬಾರದೆಂದು 122ನೇ ಕಲಮು ಹೇಳುತ್ತದೆ. ಹಿಂದಿನ ದೀಪ ಒಡೆದಿತ್ತೇ, ಧೂಳು ಮೆತ್ತಿತ್ತೇ, ಹೊಳೆಯುವ ಕೆಂಪು ಪಟ್ಟಿ ಇತ್ತೇ, ಹತ್ತಿರ ಬೀದಿದೀಪ ಉರಿಯುತ್ತಿತ್ತೇ ಎಂಬುದನ್ನು ಆ ಹೊತ್ತಿನಲ್ಲೇ ಹಿಡಿದಿಟ್ಟರೆ ಸುಳ್ಳಿನ ಬಾಯಿ ಮುಚ್ಚುತ್ತದೆ.

ಅಂಗಡಿಕಾರ ಬಂಧುಗಳಿಗೆ ಇಲ್ಲೊಂದು ಮಾತು. ನಿಮ್ಮ ಅಂಗಡಿಯ ಮೇಲೆ ಕಳ್ಳರ ಭಯಕ್ಕೆ ಕ್ಯಾಮೆರಾ ಹಾಕಿಸಿದ್ದೀರಿ. ಅದು ರಸ್ತೆಯನ್ನೂ ನೋಡುತ್ತದೆ. ಆದರೆ ಕೆಲವು ದಿನ ಕಳೆದರೆ ಹಳೆಯ ಚಿತ್ರದ ಮೇಲೆ ಹೊಸದು ಕೂತು ಹಳೆಯದು ಅಳಿಸಿಹೋಗುತ್ತದೆ. ಅಪಘಾತವಾದ ದಿನವೇ ಆ ಹೊತ್ತಿನ ಚಿತ್ರವನ್ನು ಬೇರೆ ತೆಗೆದಿಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನಂತೆ ಇಂಥ ಚಿತ್ರದ ಜೊತೆಗೆ ಒಂದು ಪ್ರಮಾಣಪತ್ರವೂ ಬೇಕು. ಯಾವ ಯಂತ್ರದಿಂದ ಹೇಗೆ ತೆಗೆದದ್ದು ಎಂದು ಬರೆದು ರುಜು ಹಾಕಬೇಕು. ವಕೀಲರು ಬರೆದುಕೊಡುತ್ತಾರೆ. ನೀವು ರುಜು ಹಾಕಲು ಹಿಂಜರಿದರೆ ಕಣ್ಣಾರೆ ಕಂಡ ಸತ್ಯವೂ ಕೋರ್ಟಿನ ಹೊರಗೇ ಉಳಿದೀತು.

"ಕೋರ್ಟು ಕಚೇರಿ ಅಲೆದಾಟ ನಮಗೇಕೆ?" ಎನ್ನುವಿರಿ. ಈ ಭಯ ಹಿಂದೆ ಸುಳ್ಳಾಗಿರಲಿಲ್ಲ. ಸಹಾಯ ಮಾಡಿದವನನ್ನೇ ಠಾಣೆಯಲ್ಲಿ ಕೂರಿಸಿದ ಕಾಲವಿತ್ತು. ಆದರೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಗಾಯಾಳುವಿಗೆ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳೆಂದು ಅವನನ್ನು ಬಲವಂತ ಮಾಡುವಂತಿಲ್ಲ. ತಾನಾಗಿ ಸಾಕ್ಷಿಯಾಗಲು ಮುಂದೆ ಬಂದರೆ, ಪೊಲೀಸರು ಅವನಿಗೆ ಅನುಕೂಲವಾದ ಹೊತ್ತಿಗೆ, ಅವನ ಮನೆಯಲ್ಲೋ ಅಂಗಡಿಯಲ್ಲೋ, ಒಂದೇ ಬಾರಿಗೆ ಹೇಳಿಕೆ ಬರೆದುಕೊಳ್ಳಬೇಕೆಂದು ನಿಯಮವಿದೆ. ನಾಳೆ ನಿಮ್ಮ ಮಗನೇ ಆ ರಸ್ತೆಯಲ್ಲಿ ಬಿದ್ದರೆ ಎದುರಿನ ಅಂಗಡಿಯವನು ಕದ ಹಾಕಿಕೊಳ್ಳುವುದು ನಿಮಗೆ ಒಪ್ಪಿಗೆಯೇ?

ಆಸ್ಪತ್ರೆಯ ಮೊದಲ ಮಾತು

ಅನೇಕ ಪ್ರಕರಣಗಳು ಕೋರ್ಟಿನಲ್ಲಿ ಸೋಲುವುದಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲೇ ಸೋತಿರುತ್ತವೆ. ಪೆಟ್ಟು ಬಿದ್ದವನನ್ನು ಹೊತ್ತು ತಂದ ನೆಂಟನನ್ನು ಡಾಕ್ಟರು "ಹೇಗಾಯಿತು?" ಎಂದು ಕೇಳುತ್ತಾರೆ. ಪೊಲೀಸ್ ಕೇಸಿನ ರಗಳೆ ಬೇಡ, ಮೊದಲು ಔಷಧಿ ಕೊಡಲಿ ಎಂದು ಅವನು "ಗಾಡಿಯಿಂದ ಬಿದ್ದ" ಎಂದುಬಿಡುತ್ತಾನೆ. ಆ ಒಂದು ಸಾಲು ಬರಹಕ್ಕಿಳಿಯುತ್ತದೆ. ಎರಡು ವರ್ಷ ಕಳೆದ ಮೇಲೆ ಕಂಪನಿಯ ವಕೀಲರು ಅದೇ ಹಾಳೆಯನ್ನು ಎತ್ತಿ ಹಿಡಿದು "ಖಾವಂದರೇ, ಇವನು ತಾನೇ ಬಿದ್ದವನು, ಲಾರಿಯ ಕಥೆ ಆಮೇಲೆ ಕಟ್ಟಿದ್ದು" ಎನ್ನುತ್ತಾರೆ. ಆದ್ದರಿಂದ ಮೊದಲ ಮಾತೇ ಸತ್ಯವಾಗಿರಲಿ: ಲಾರಿ ಗುದ್ದಿತು, ಇಂಥ ಕಡೆ, ಇಂಥ ಹೊತ್ತಿಗೆ. ಖರ್ಚಿಗೆ ಹೆದರಿ ಆಸ್ಪತ್ರೆಯನ್ನೇ ತಪ್ಪಿಸುವವರು ತಿಳಿದಿರಲಿ, ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ಹಣ ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ.

ಪೊಲೀಸ್ ಫಿರ್ಯಾದನ್ನು ತಡಮಾಡಬೇಡಿ. ತಡವಾದರೂ ಎದೆಗುಂದಬೇಡಿ. ಗಾಯಾಳುವನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಫಿರ್ಯಾದು ತಡವಾದ ಮಾತ್ರಕ್ಕೆ ಪ್ರಕರಣವನ್ನು ಅನುಮಾನಿಸಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆಯಾಗಿ ಪಡೆಯುವುದು ನಿಮ್ಮ ಹಕ್ಕು. ಸ್ಥಳದ ಮಹಜರು, ನಕ್ಷೆ, ಮೋಟಾರು ವಾಹನ ಇನ್ಸ್‌ಪೆಕ್ಟರರ ತಪಾಸಣಾ ವರದಿ, ಗಾಯದ ಸರ್ಟಿಫಿಕೇಟು, ದೋಷಾರೋಪ ಪಟ್ಟಿ, ಈ ಐದನ್ನೂ ಕೇಳಿ ಪಡೆಯಿರಿ. ನಕ್ಷೆಯಲ್ಲಿ ಸೈಕಲ್ಲನ್ನು ಎಡಕ್ಕೆ ಬರೆದಿದ್ದಾರೋ ಬಲಕ್ಕೋ ಎಂದು ಕಣ್ಣಿಟ್ಟು ನೋಡಿ. ತಪ್ಪಿದ್ದರೆ ಅಂದೇ ಬರಹದಲ್ಲಿ ತಕರಾರು ಕೊಡಿ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಅಪಘಾತವಾದ 48 ಗಂಟೆಯೊಳಗೆ ತನಿಖಾಧಿಕಾರಿಯು ನ್ಯಾಯಮಂಡಳಿಗೆ ಮೊದಲ ವರದಿ ಕಳಿಸಬೇಕು, 50 ದಿನಗಳಲ್ಲಿ ಮಧ್ಯಂತರ ವರದಿ, 90 ದಿನಗಳಲ್ಲಿ ಪೂರ್ಣ ವರದಿ. ಆ ಪೂರ್ಣ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ನಡೆಸಬಹುದು. ಪುಸ್ತಕದಲ್ಲಿ ಎಷ್ಟು ಸೊಗಸಾದ ನಿಯಮ! ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ಕೇಳುವವರಿಲ್ಲದ ಕಡೆ ನಿಯಮ ಹಾಳೆಯ ಮೇಲೇ ಉಳಿಯುತ್ತದೆ. ನಲವತ್ತೊಂಬತ್ತನೆಯ ಗಂಟೆಗೆ ಠಾಣೆಗೆ ಹೋಗಿ "ವರದಿ ಹೋಯಿತೇ?" ಎಂದು ಕೇಳುವ ನಾಲ್ಕು ಜನರಾದರೂ ಬೇಕು.

ಡ್ರೈವರನ ಹಿಂದೆ ಯಾರಿದ್ದಾರೆ?

ಅಪಘಾತವಾದೊಡನೆ ಜನ ಸೇರಿ ಡ್ರೈವರನನ್ನು ಹಿಡಿದು ಹೊಡೆಯುತ್ತಾರೆ. ಇದನ್ನು ನಾವು ಖಂಡಿಸುತ್ತೇವೆ. ಅವನೂ ಕೂಲಿಯವನೇ. 1961ರಲ್ಲೇ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಅರವತ್ತು ವರ್ಷ ಕಳೆದರೂ ಲಾರಿ ಡ್ರೈವರನ ಕಣ್ಣಿಗೆ ಆ ನಿದ್ದೆ ಬಂದಿಲ್ಲ. "ನಾಳೆ ಬೆಳಗಾಗುವುದರೊಳಗೆ ಸರಕು ಮುಟ್ಟಬೇಕು" ಎಂದು ಫೋನಿನಲ್ಲಿ ಗದರಿಸಿದವನು ಹಂಸತೂಲಿಕೆಯ ಮೇಲೆ ಮಲಗಿರುತ್ತಾನೆ. ಡ್ರೈವರನ ಹಲ್ಲು ಮುರಿದರೆ ಗಾಯಾಳುವಿಗೆ ಬಿಡಿಗಾಸೂ ಬರುವುದಿಲ್ಲ. ಕೆಲಸದಾಳು ಮಾಡಿದ ತಪ್ಪಿಗೆ ಧಣಿ ಹೊಣೆ ಎಂಬುದು ಕಾನೂನು. ಆ ಧಣಿಯ ತಪ್ಪನ್ನು ತೋರಿಸುವ ಕಾಗದಗಳು ಇವೆ, ಹುಡುಕಬೇಕು ಅಷ್ಟೆ.

ಟೋಲ್ ಗೇಟಿನ ಫಾಸ್ಟ್ಯಾಗ್ ಲೆಕ್ಕ ನೋಡಿ. 2021ರ ಫೆಬ್ರವರಿಯಿಂದ ಅದು ಕಡ್ಡಾಯ. ಯಾವ ಗೇಟನ್ನು ಲಾರಿ ಎಷ್ಟು ಗಂಟೆಗೆ ದಾಟಿತೆಂದು ಅದರಲ್ಲಿ ನಿಮಿಷ ಸಹಿತ ಇರುತ್ತದೆ. ಎರಡು ಗೇಟುಗಳ ನಡುವೆ 60 ಕಿಲೋಮೀಟರು ಎಂದಿಟ್ಟುಕೊಳ್ಳಿ. 40 ನಿಮಿಷಗಳಲ್ಲಿ ದಾಟಿದ್ದರೆ ಸರಾಸರಿ ವೇಗವೇ ಗಂಟೆಗೆ 90 ಕಿಲೋಮೀಟರು. ಲಾರಿಗೆ ಇರಬೇಕಾದ ವೇಗ ನಿಯಂತ್ರಕ 80ರ ಮೇಲೆ ಓಡಲು ಬಿಡಬಾರದು. ಅಂದಮೇಲೆ ನಿಯಂತ್ರಕವನ್ನು ಕಿತ್ತವರಾರು? ಅದೇ ಲೆಕ್ಕದಲ್ಲಿ ಗಾಡಿ ಎಷ್ಟು ಗಂಟೆಗಳಿಂದ ನಿಲ್ಲದೆ ಓಡುತ್ತಿತ್ತು ಎಂಬುದೂ ಹೊರಬೀಳುತ್ತದೆ.

ತೂಕದ ಚೀಟಿ, ಬಿಲ್ಟಿ, ಸರಕಿನ ಇ-ವೇ ಬಿಲ್ಲು ಇವು ಎಷ್ಟು ಹೇರಿದ್ದರೆಂದು ಹೇಳುತ್ತವೆ. ಹೆಚ್ಚು ಹೇರಿದ ಗಾಡಿ ಬ್ರೇಕು ಒತ್ತಿದರೂ ನಿಲ್ಲುವುದು ದೂರ ಹೋದ ಮೇಲೆಯೇ; ಹಳ್ಳಿಯ ಎತ್ತಿನ ಗಾಡಿ ಹೊಡೆದವನಿಗೂ ಇದು ಗೊತ್ತು. ಎಫ್.ಸಿ. ಮುಗಿದಿತ್ತೇ, ಪರ್ಮಿಟ್ಟು ಇತ್ತೇ, ಡ್ರೈವರನ ಲೈಸೆನ್ಸು ಈ ತರದ ಗಾಡಿಗೆ ಸಲ್ಲುತ್ತಿತ್ತೇ, ಜಿ.ಪಿ.ಎಸ್. ಯಂತ್ರವಿದ್ದರೆ ಅದು ಏನು ಹೇಳುತ್ತದೆ? ಈ ಕಾಗದಗಳನ್ನು ಮಾಲೀಕನೇ ತಂದೊಪ್ಪಿಸಲೆಂದು ಆರಂಭದಲ್ಲೇ ಅರ್ಜಿ ಹಾಕಿಸಿ. ಸಾಕ್ಷಿಗಳನ್ನೂ ದಾಖಲೆಗಳನ್ನೂ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ 169ನೇ ಕಲಮಿನಂತೆ ನ್ಯಾಯಮಂಡಳಿಗಿದೆ. ಕೇಳಿದರೂ ತಾರದಿದ್ದರೆ, ಡ್ರೈವರನನ್ನು ಕಟಕಟೆಗೆ ಹತ್ತಿಸದಿದ್ದರೆ, ಬಚ್ಚಿಟ್ಟದ್ದು ಅವರಿಗೆ ವಿರೋಧವಾಗಿಯೇ ಇದೆ ಎಂದು ಭಾವಿಸಿರೆಂದು ನ್ಯಾಯಾಧೀಶರನ್ನು ಕೇಳಬಹುದು. ನಮ್ಮವರು ಕೇಳುವುದೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರುವುದೆಲ್ಲಿಂದ?

ಕಂಪನಿಯ ಬತ್ತಳಿಕೆ

ವಿಮಾ ಕಂಪನಿಯ ಬತ್ತಳಿಕೆಯಲ್ಲಿ ಬಾಣಗಳು ಬಹಳವಿಲ್ಲ, ಆದರೆ ಅವನ್ನೇ ತಿರುತಿರುಗಿ ಹೂಡುತ್ತಾರೆ. ಡ್ರೈವರನು ಕ್ರಿಮಿನಲ್ ಕೋರ್ಟಿನಲ್ಲಿ ಬಿಡುಗಡೆಯಾದನಲ್ಲ ಎನ್ನುತ್ತಾರೆ. ಜೈಲಿಗೆ ಕಳಿಸಲು ಬೇಕಾದ ರುಜುವಾತು ಬೇರೆ, ಪರಿಹಾರಕ್ಕೆ ಬೇಕಾದದ್ದು ಬೇರೆ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 1980ರಲ್ಲೇ ಹೇಳಿದೆ. ಎಳ್ಳಷ್ಟೂ ಸಂಶಯವಿಲ್ಲದಂತೆ ತೋರಿಸಿ ಎನ್ನುತ್ತಾರೆ. ಬೇಕಾಗಿಲ್ಲ, ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಸಾಕೆಂದು ಅದೇ ಕೋರ್ಟು 2009ರಲ್ಲೂ 2018ರಲ್ಲೂ ಹೇಳಿದೆ. ಬೈಕಿನ ಮೇಲೆ ಮೂವರಿದ್ದರು, ಆದ್ದರಿಂದ ತಪ್ಪು ನಿಮ್ಮದೂ ಹೌದು ಎನ್ನುತ್ತಾರೆ. ಮೂವರಿದ್ದರೆಂಬ ಮಾತ್ರಕ್ಕೇ ಅಲ್ಲ, ಅದರಿಂದಲೇ ಅಪಘಾತವಾಯಿತೆಂದೋ ಪೆಟ್ಟು ಹೆಚ್ಚಿತೆಂದೋ ತೋರಿಸಬೇಕೆಂದು 2020ರ ತೀರ್ಪು ಇದೆ. ಮೂವರು ಕೂರುವುದು ಸರಿಯೆಂದು ಇದರ ಅರ್ಥವಲ್ಲ. ಹೆಲ್ಮೆಟ್ಟು ಹಾಕಿ, ಲೈಸೆನ್ಸು ಇಟ್ಟುಕೊಳ್ಳಿ. ಕಂಪನಿಗೆ ಬಾಣವನ್ನು ನಾವೇ ಕೊಡಬಾರದು.

ಸಂಪಾದನೆಗೆ ರಸೀತಿ ಎಲ್ಲಿ ಎಂದೂ ಕೇಳುತ್ತಾರೆ. ತಲೆಯ ಮೇಲೆ ಬುಟ್ಟಿ ಹೊತ್ತವಳು ಆದಾಯ ತೆರಿಗೆಯ ಕಾಗದ ತರಬೇಕಂತೆ! ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಸಂಪಾದನೆಯನ್ನು ದಾಖಲೆ ಇಲ್ಲದೆಯೂ ತಿಂಗಳಿಗೆ 6,500 ರೂಪಾಯಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹಿಡಿಯಿತು. ಆದರೂ ಕೈಲೆಕ್ಕದ ಪುಸ್ತಕ, ಸಗಟು ಅಂಗಡಿಯ ಚೀಟಿ, ಹಾಜರಿ ಕಾರ್ಡು ಇದ್ದರೆ ಎತ್ತಿಡಿ, ವಾದ ಗಟ್ಟಿಯಾಗುತ್ತದೆ.

ಇನ್ನೊಂದು ಪಿಡುಗು ನಮ್ಮೊಳಗಿನದು. ಆಸ್ಪತ್ರೆಯ ಬಾಗಿಲಲ್ಲಿ ನಿಂತ ದಲ್ಲಾಳಿ "ಎಲ್ಲಾ ನಾನು ನೋಡಿಕೊಳ್ಳುತ್ತೇನೆ, ಸಾಕ್ಷಿಯನ್ನೂ ನಾನೇ ತರುತ್ತೇನೆ" ಎನ್ನುತ್ತಾನೆ. ಅವನು ತರುವ ಸಾಕ್ಷಿ ಅಪಘಾತದ ದಿನ ಊರಲ್ಲೇ ಇದ್ದವನಲ್ಲ. ಪಾಟೀಸವಾಲಿನಲ್ಲಿ ಅವನ ಸುಳ್ಳು ಒಡೆದ ಕೂಡಲೇ ನಿಮ್ಮ ನಿಜವೂ ಅದರೊಡನೆ ಮುಳುಗುತ್ತದೆ. ಕಂಡವರು ಇಬ್ಬರೇ ಇದ್ದರೆ ಇಬ್ಬರನ್ನೇ ಕರೆಯಿರಿ. ಯಾರೂ ಇಲ್ಲದಿದ್ದರೆ ರಸ್ತೆಯ ಗೆರೆ, ಮುರಿದ ಸೈಕಲ್ಲು, ಲಾರಿಯ ಮುಂಭಾಗದ ತಗ್ಗು ಇವೇ ಮಾತಾಡಲಿ. ಕಾಗದವನ್ನು ಯಾರೂ ಹೆದರಿಸಲಾರರು.

ಈಗ ಮಾಡಬೇಕಾದದ್ದು

2019ರ ತಿದ್ದುಪಡಿ, ಅರ್ಜಿ ಹಾಕಲು ಅಪಘಾತವಾದ ದಿನದಿಂದ ಆರು ತಿಂಗಳ ಗಡುವು ಇಟ್ಟಿದೆ. 1994ರಲ್ಲಿ ಬಡವರಿಗೆ ಅನ್ಯಾಯವೆಂದು ಕಿತ್ತು ಹಾಕಿದ್ದ ಗಡುವನ್ನೇ ಮತ್ತೆ ನೆಟ್ಟಿದ್ದಾರೆ. ಆರು ತಿಂಗಳು ಪ್ಲಾಸ್ಟರಿನಲ್ಲಿ ಮಲಗಿದವನು ಎದ್ದು ಕೂರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ! ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಅಲ್ಲಿ ಏನಾಗುವುದೋ ಎಂದು ಕಾಯುತ್ತ ಕೂರದೆ ಆರು ತಿಂಗಳೊಳಗೇ ಅರ್ಜಿ ಹಾಕಿ.

ಪ್ರತಿ ಗಿರಣಿಯ ಸಂಘದಲ್ಲೂ, ಪ್ರತಿ ಪೇಟೆಯ ವರ್ತಕರ ಕೂಟದಲ್ಲೂ ಮೂರು ಜನರ ಒಂದು ಅಪಘಾತ ಸಮಿತಿ ಇರಲಿ. ಸುದ್ದಿ ಬಂದ ಗಂಟೆಯಲ್ಲಿ ಒಬ್ಬ ರಸ್ತೆಗೆ, ಒಬ್ಬ ಆಸ್ಪತ್ರೆಗೆ, ಒಬ್ಬ ಠಾಣೆಗೆ ಓಡಲಿ. ಒಂದು ದಪ್ಪ ನೋಟ್‌ಪುಸ್ತಕದಲ್ಲಿ ದಿನ, ಹೊತ್ತು, ನಂಬರು, ಕಂಡವರ ಹೆಸರು ಬರೆಯಲಿ. ಇದಕ್ಕೆ ಬೇಕಾದ ಖರ್ಚು ಒಂದು ಸಂಜೆಯ ಚಹಾದಷ್ಟು.

ಸರ್ಕಾರಕ್ಕೆ ನಮ್ಮ ಒತ್ತಾಯ ಇಷ್ಟೆ. ನಡೆಯುವವನಿಗೋ ಸೈಕಲ್ಲಿನವನಿಗೋ ತಳ್ಳುಗಾಡಿಯವನಿಗೋ ಲಾರಿ ಗುದ್ದಿದರೆ ತಾನು ತಪ್ಪಿಲ್ಲವೆಂದು ತೋರಿಸುವ ಹೊಣೆ ಲಾರಿ ಮಾಲೀಕನದಾಗಲಿ. ಗಾಡಿಯ ದಾಖಲೆ ಅವನ ಬಳಿ ಇದೆ, ಅವನೇ ತರಲಿ. ಆರು ತಿಂಗಳ ಗಡುವು ಹೋಗಲಿ. 48 ಗಂಟೆಯ ವರದಿ ಕಳಿಸದ ಅಧಿಕಾರಿ ಉತ್ತರ ಹೇಳಲಿ.

ಈ ಕಾನೂನು ಬರುವ ತನಕ ಲಾರಿಗಳು ಕಾಯುವುದಿಲ್ಲ. ಇಂದು ರಾತ್ರಿಯೂ ಪಾಳಿ ಬಿಡುವ ಹೊತ್ತಿಗೆ ಹೆದ್ದಾರಿಯಲ್ಲಿ ಅವು ಓಡುತ್ತಿರುತ್ತವೆ. ಯಾರಾದರೂ ಬಿದ್ದರೆ "ಅಯ್ಯೋ ಗ್ರಹಚಾರ" ಎನ್ನುವ ಮೊದಲು ಲಾರಿಯ ನಂಬರು ಬರೆದುಕೊಳ್ಳಿ!